ಐದು ಅಡಿಯ ದೂರಕ್ಕೊಂದು ಲೆನ್ಸು



ಹೊಸದಾಗಿ ದರ್ಪಣರಹಿತ ಕ್ಯಾಮೆರಾವನ್ನು, ಎಂದರೆ ಅಂಗಡಿಯವರು ಮಿರರ್‌ಲೆಸ್ ಎಂದು ಕರೆಯುವ ಕ್ಯಾಮೆರಾವನ್ನು ಕೊಂಡವರು, ಅದರೊಡನೆ ಬಂದ ಜೂಮ್ ಲೆನ್ಸಿನಿಂದ ಕೆಲವು ತಿಂಗಳು ಚಿತ್ರಗಳನ್ನು ತೆಗೆದು, ಮನೆಯೊಳಗಿನ ಮಂದ ಬೆಳಕಿನಲ್ಲಿ ಅವು ಕದಲಿ ಮಸುಕಾಗುವುದನ್ನೂ, ಮೂತಿ ಚಾಚಿದ ಆ ಕ್ಯಾಮೆರಾ ಹೆಗಲಚೀಲದಲ್ಲಿ ಹಿಡಿಸದೆ ಹಲವು ದಿನ ಬೀರುವಿನಲ್ಲೇ ಉಳಿದುಬಿಡುವುದನ್ನೂ ಕಂಡ ಮೇಲೆ, ಬಲ್ಲವರೆನ್ನಿಸಿಕೊಂಡವರ ಬಳಿ ಬಂದು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಬಗೆಯದು: ಚಿಕ್ಕದಾದ, ಹಗುರವಾದ, ಒಂದೇ ಸಂಗಮದೂರವುಳ್ಳ, ಎಂದರೆ ಒಂದೇ ಫೋಕಲ್ ಲೆಂಗ್ತಿನ ಪ್ರೈಮ್ ಲೆನ್ಸೊಂದನ್ನು ಕೊಳ್ಳಬೇಕೆಂದಿದ್ದೇನೆ, ಇರುವವುಗಳಲ್ಲಿ ಯಾವುದನ್ನು ಕೊಳ್ಳಲಿ?

ಇದಕ್ಕೆ ಉತ್ತರ ಹೇಳುವವರು ಬಹುಮಟ್ಟಿಗೆ ಲೆನ್ಸಿನ ತೀಕ್ಷ್ಣತೆಯಿಂದ ಆರಂಭಿಸುತ್ತಾರೆ. ಚೌಕಟ್ಟಿನ ಮೂಲೆಗಳಲ್ಲಿ ಗೆರೆಗಳು ಎಷ್ಟು ಸ್ಫುಟವಾಗಿವೆ, ಅಂಚುಗಳಲ್ಲಿ ನೇರಳೆಯ ಬಣ್ಣ ಕಾಣುತ್ತದೆಯೆ, ಹಿನ್ನೆಲೆ ಎಷ್ಟರಮಟ್ಟಿಗೆ ಕರಗುತ್ತದೆ ಎಂಬ ವಿಚಾರಗಳು ಬಹಳ ಹೊತ್ತು ನಡೆಯುತ್ತವೆ. ಇವು ಉಪೇಕ್ಷಣೀಯವೆಂದು ನಾನು ಹೇಳುವುದಿಲ್ಲ; ಆದರೆ ಇವೆಲ್ಲವೂ ಆಮೇಲೆ ವಿಚಾರಿಸತಕ್ಕವು. ಮೊದಲು ನಿಶ್ಚಯಿಸಿಕೊಳ್ಳಬೇಕಾದುದು ಯಾವುದೆಂದರೆ, ನೀವು ಮನುಷ್ಯರ ಚಿತ್ರವನ್ನು ತೆಗೆಯುವಾಗ ಅವರಿಗೂ ನಿಮಗೂ ಸಂಕೋಚವಿಲ್ಲದಂತೆ ಎಷ್ಟು ದೂರದಲ್ಲಿ ನಿಲ್ಲುತ್ತೀರಿ ಎಂಬುದು. ಜೂಮ್ ಲೆನ್ಸು ಈ ಪ್ರಶ್ನೆಯನ್ನು ನಮ್ಮ ಮುಂದಿಡುವುದೇ ಇಲ್ಲ. ನಿಂತ ಕಡೆಯಿಂದಲೇ ಬಳೆಯನ್ನು ತಿರುಗಿಸಿ ಚೌಕಟ್ಟನ್ನು ಹಿಗ್ಗಿಸಿ ಕುಗ್ಗಿಸಿಕೊಳ್ಳುವ ಸ್ವಾತಂತ್ರ್ಯವನ್ನು ಅದು ಕೊಡುತ್ತದೆ. ಸ್ಥಿರವಾದ ಸಂಗಮದೂರವುಳ್ಳ ಲೆನ್ಸು ಹಾಗಲ್ಲ; ಅದನ್ನು ಆರಿಸಿಕೊಂಡವನು ತಾನು ನಿಲ್ಲುವ ನೆಲೆಯನ್ನೂ ಆರಿಸಿಕೊಂಡಂತೆಯೇ ಆಯಿತು.

ಇಂಥ ಲೆನ್ಸುಗಳು ಹೇಗೆ ಇಷ್ಟು ಕಿರಿದಾದವೆಂಬುದು ತಿಳಿಯತಕ್ಕ ಸಂಗತಿ. ಜರ್ಮನಿಯ ವೆಟ್ಸ್ಲಾರ್ ಪಟ್ಟಣದ ಲೈಟ್ಸ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಓಸ್ಕರ್ ಬಾರ್ನಾಕ್ ಉಬ್ಬಸದ ರೋಗಿಯಾಗಿದ್ದುದರಿಂದ, ಆ ಕಾಲದ ಭಾರವಾದ ಕ್ಯಾಮೆರಾಗಳನ್ನೂ ಗಾಜಿನ ಫಲಕಗಳನ್ನೂ ಹೊತ್ತು ನಡೆಯಲಾರದೆ, ಜೇಬಿಗೆ ಹಿಡಿಸುವ ಯಂತ್ರವೊಂದನ್ನು ತನಗಾಗಿ ಮಾಡಿಕೊಂಡನು. ಮೊದಲನೆಯ ಮಹಾಯುದ್ಧಕ್ಕೂ ಹಿಂದೆಯೇ ಸಿದ್ಧವಾದ ಆ ಮಾದರಿ, ಯುದ್ಧದ ದೆಸೆಯಿಂದ ತಡವಾಗಿ, ೧೯೨೫ರಲ್ಲಿ ಲೈಪ್ಸಿಗ್ ನಗರದ ವಸಂತಮೇಳದಲ್ಲಿ ಲೈಕಾ ಎಂಬ ಹೆಸರಿನಿಂದ ಲೋಕದ ಮುಂದೆ ಬಂದಿತು. ಅದಕ್ಕೆ ಮಾಕ್ಸ್ ಬೆರೆಕ್ ಎಂಬಾತ ರಚಿಸಿಕೊಟ್ಟ ೫೦ ಮಿಲಿಮೀಟರಿನ ಲೆನ್ಸನ್ನು, ಚಿತ್ರ ತೆಗೆಯುವಾಗ ಹೊರಕ್ಕೆಳೆದು, ಕೆಲಸ ಮುಗಿದ ಬಳಿಕ ಕ್ಯಾಮೆರಾದ ಒಡಲೊಳಕ್ಕೆ ತಳ್ಳಿಬಿಡಬಹುದಾಗಿತ್ತು. ಇಂದಿನ ಚಿಕ್ಕ ಲೆನ್ಸುಗಳ ವಂಶಾವಳಿಯಲ್ಲಿ ಮೂಲಪುರುಷಸ್ಥಾನ ಅದಕ್ಕೆ ಸಲ್ಲತಕ್ಕದ್ದು.

ಅನಂತರ ಬಂದ ಏಕಮಸೂರ ಪ್ರತಿಫಲನ ಕ್ಯಾಮೆರಾಗಳಲ್ಲಿ, ಎಂದರೆ ನಾವು ಎಸ್.ಎಲ್.ಆರ್. ಎನ್ನುವವುಗಳಲ್ಲಿ, ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿಯೊಂದು ಮೇಲೇಳಲು ಎಡೆ ಬೇಕಾಗಿ, ಲೆನ್ಸಿನ ಪೀಠಕ್ಕೂ ಫಿಲ್ಮಿಗೂ ನಡುವೆ ದೊಡ್ಡ ಅಂತರ ಬಿಡಬೇಕಾಯಿತು. ೧೯೫೯ರಲ್ಲಿ ಬಂದ ನಿಕಾನ್ ಎಫ್ ಕ್ಯಾಮೆರಾದಲ್ಲಿ ಈ ಅಂತರ ೪೬.೫ ಮಿಲಿಮೀಟರು. ಇದಕ್ಕಿಂತ ಬಹಳ ಕಡಿಮೆಯಾದ ಸಂಗಮದೂರದ ಲೆನ್ಸನ್ನು ಮಾಡಬೇಕಾದರೆ, ಬೆಳಕನ್ನು ಮೊದಲು ಚದುರಿಸಿ ಆಮೇಲೆ ಒಟ್ಟುಗೂಡಿಸುವ ಹೆಚ್ಚಿನ ಮಸೂರಗಳನ್ನು ಮುಂದೆ ಜೋಡಿಸಬೇಕಾಗುತ್ತದೆ. ಫ್ರಾನ್ಸಿನ ಆಂಜೆನ್ಯೂ ಸಂಸ್ಥೆ ೧೯೫೦ರಲ್ಲಿ ಈ ಉಪಾಯದಿಂದ ೩೫ ಮಿಲಿಮೀಟರಿನ ಲೆನ್ಸನ್ನು ಹೊರತಂದಿತು. ಉಪಾಯ ಚೆನ್ನಾದುದೇ, ಆದರೆ ಅದರಿಂದ ಲೆನ್ಸು ಉದ್ದವಾಯಿತು, ತೂಕವೂ ಏರಿತು. ೨೦೦೮ರಲ್ಲಿ ಪ್ಯಾನಸೋನಿಕ್ ಮತ್ತು ಒಲಿಂಪಸ್ ಸಂಸ್ಥೆಗಳು ಜೊತೆಗೂಡಿ ಮೈಕ್ರೋ ಫೋರ್ ಥರ್ಡ್ಸ್ ಎಂಬ ಪದ್ಧತಿಯನ್ನು ಪ್ರಕಟಿಸಿ ಕನ್ನಡಿಯನ್ನು ತೆಗೆದುಹಾಕಿದಾಗ, ಪೀಠದಿಂದ, ಫಿಲ್ಮಿನ ಸ್ಥಾನಕ್ಕೆ ಬಂದ ಸೆನ್ಸರಿನವರೆಗಿನ ದೂರ ೧೯.೨೫ ಮಿಲಿಮೀಟರಿಗೆ ಇಳಿಯಿತು. ಸೆನ್ಸರು ೧೭.೩ ಮಿಲಿಮೀಟರು ಅಗಲ, ೧೩ ಮಿಲಿಮೀಟರು ಎತ್ತರದಷ್ಟು ಚಿಕ್ಕದಾದುದೂ ಲೆನ್ಸು ಕಿರಿದಾಗಲು ಒದಗಿಬಂದಿತು. ೨೦೦೯ರಲ್ಲಿ ಪ್ಯಾನಸೋನಿಕ್ ಹೊರತಂದ ೨೦ ಮಿಲಿಮೀಟರಿನ, ಎಫ್ ೧.೭ರ ಲೆನ್ಸಿನಲ್ಲಿ ಏಳು ಮಸೂರಗಳಿದ್ದರೂ ಅದರ ಉದ್ದ ೨೫.೫ ಮಿಲಿಮೀಟರು, ತೂಕ ೧೦೦ ಗ್ರಾಂ ಮಾತ್ರ. ಕುಂಕುಮದ ಭರಣಿಯಂತೆ ಅದು ಅಂಗೈಯಲ್ಲಿ ಅಡಗುತ್ತದೆ. ೨೦೧೩ರಲ್ಲಿ ಲೋಹದ ಹೊದಿಕೆಯೊಡನೆ ಮರಳಿ ಬಂದ ಅದರ ಎರಡನೆಯ ಆವೃತ್ತಿಯ ತೂಕ ೮೭ ಗ್ರಾಂ.

ಈ ಲಾಘವದಿಂದ ಚಿತ್ರ ತೆಗೆಯುವವನ ಹೆಗಲಿಗೆ ಆಗುವ ಉಪಕಾರವನ್ನು ಎಲ್ಲರೂ ಬಲ್ಲರು. ಅದಕ್ಕಿಂತ ಹಿರಿದಾದ ಉಪಕಾರ ಚಿತ್ರಕ್ಕೆ ಒಳಗಾಗುವವರಿಗೆ ಆಗುತ್ತದೆ. ಮಾರ್ಗಶಿರ ಪುಷ್ಯಮಾಸಗಳಲ್ಲಿ, ಮೈಸೂರು ಸೀಮೆಯ ಮನೆಗಳಲ್ಲಿ, ಅಡುಗೆಮನೆಯ ಬೆಳಕಿಂಡಿಯ ಕೆಳಗೆ ಕುಳಿತು, ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿದುಕಿ, ಜಾರಿಬಿದ್ದ ಬೇಳೆಯನ್ನು ತಟ್ಟೆಯಲ್ಲಿಯೂ ಸಿಪ್ಪೆಯನ್ನು ಮೊರದಲ್ಲಿಯೂ ಹಾಕುತ್ತಿರುವ ಅಜ್ಜಿಯ ಮುಂದೆ ದೊಡ್ಡ ಲೆನ್ಸನ್ನು ಹಿಡಿದು ನಿಂತು ನೋಡಿ: “ತಾಳೋ ಮಗು, ಸೀರೆ ಬದಲಾಯಿಸಿಕೊಂಡು ಬರ್ತೀನಿ” ಎಂದು ಅವರು ಮೊಣಕಾಲಿನ ಮೇಲೆ ಕೈಯೂರಿ ಎದ್ದೇಬಿಡುತ್ತಾರೆ. ಆಮೇಲೆ ದೊರೆಯುವುದು ರೇಷ್ಮೆಸೀರೆಯುಟ್ಟು ಗೋಡೆಗೆ ಬೆನ್ನುಕೊಟ್ಟು ನಿಂತ ಚಿತ್ರ; ಅವರೆ ಹಿದುಕುವ ಬೆರಳುಗಳ ಚಿತ್ರ ಕೈಬಿಟ್ಟಂತೆಯೇ ಸರಿ. ಚಿಕ್ಕ ಲೆನ್ಸಿನ ಕ್ಯಾಮೆರಾವನ್ನು ಹಿಡಿದು ಎದುರಿಗೆ ಕುಳಿತು ಎರಡು ಮಾತನಾಡಿದರೆ, ಅವರು ಒಮ್ಮೆ ಕಣ್ಣೆತ್ತಿ ನೋಡಿ, ಮತ್ತೆ ತಟ್ಟೆಯ ಕಡೆಗೆ ತಿರುಗಿ ಕೆಲಸವನ್ನು ಮುಂದುವರಿಸುತ್ತಾರೆ. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸೋ ೧೯೩೨ರಿಂದ ಲೈಕಾವನ್ನು ಹಿಡಿದು, ಬಹುಪಾಲು ೫೦ ಮಿಲಿಮೀಟರಿನ ಒಂದೇ ಲೆನ್ಸಿನಿಂದ ಕೆಲಸಮಾಡುತ್ತ, ಯಂತ್ರದ ಹೊಳೆಯುವ ಭಾಗಗಳ ಮೇಲೆ ಕಪ್ಪು ಪಟ್ಟಿಯನ್ನು ಅಂಟಿಸಿಕೊಂಡು ತಿರುಗುತ್ತಿದ್ದುದು, ಜನರ ದೃಷ್ಟಿ ಕ್ಯಾಮೆರಾದ ಮೇಲೆ ಬೀಳದಿರಲೆಂಬ ಈ ಉದ್ದೇಶದಿಂದಲೇ. ೧೯೪೮ರಲ್ಲಿ ದೆಹಲಿಯಲ್ಲಿ ಮಹಾತ್ಮರ ಅಂತ್ಯಯಾತ್ರೆಯ ದಿನದ ಜನಸಮುದ್ರವನ್ನು ಆತ ಚಿತ್ರಿಸಿದ್ದಾನೆ. ನಮ್ಮವರೇ ಆದ, ಮೈಸೂರಿನ ಟಿ. ಎಸ್. ಸತ್ಯನ್ ಅವರು ಹಳ್ಳಿಯ ಮಕ್ಕಳನ್ನೂ ದುಡಿಯುವ ಸಾಮಾನ್ಯರನ್ನೂ ತೆಗೆದ ಚಿತ್ರಗಳನ್ನು ನೋಡಿದವರಿಗೆ, ಆ ಮುಖಗಳಲ್ಲಿ ಕ್ಯಾಮೆರಾದ ಅಂಜಿಕೆ ಲೇಶವೂ ಇಲ್ಲವೆಂಬುದು ಕೂಡಲೇ ಮನಸ್ಸಿಗೆ ತಟ್ಟುತ್ತದೆ. ೧೯೭೯ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದುವು. ಅಂಥ ನಿರ್ಭೀತಿಯನ್ನು ಉಂಟುಮಾಡುವುದು ಛಾಯಾಗ್ರಾಹಕನ ಸ್ವಭಾವವೇ ಹೊರತು ಲೆನ್ಸಲ್ಲ, ನಿಜ; ಆದರೆ ಆ ಸ್ವಭಾವಕ್ಕೆ ಲೆನ್ಸು ಅಡ್ಡಿಯಾಗಬಾರದಷ್ಟೆ.

ಈಗ ಸಂಗಮದೂರದ ವಿಚಾರಕ್ಕೆ ಬರೋಣ. ಹತ್ತು ಅಡಿಯ ಕೋಣೆಯಲ್ಲಿ ಒಬ್ಬರೊಡನೆ ಮಾತನಾಡುತ್ತ ಕುಳಿತಾಗ ನಮ್ಮಿಬ್ಬರ ನಡುವಿನ ದೂರ ಹೆಚ್ಚುಕಡಿಮೆ ಐದು ಅಡಿ. ಈ ಐದು ಅಡಿಯಿಂದ ಯಾವ ಲೆನ್ಸು ಎಷ್ಟನ್ನು ಕಾಣುತ್ತದೆಂಬುದನ್ನು ಸುಲಭವಾದ ತ್ರೈರಾಶಿಯಿಂದ ತಿಳಿಯಬಹುದು: ಸೆನ್ಸರಿನ ಅಗಲವನ್ನು ಸಂಗಮದೂರದಿಂದ ಭಾಗಿಸಿ, ಬಂದುದನ್ನು ನಿಂತ ದೂರದಿಂದ ಗುಣಿಸಿದರೆ, ಎದುರಿನ ದೃಶ್ಯದ ಅಗಲ ದೊರೆಯುತ್ತದೆ. ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾದಲ್ಲಿ ೧೪ ಮಿಲಿಮೀಟರಿನ ಲೆನ್ಸು ಐದು ಅಡಿಯಿಂದ ಆರು ಅಡಿಗೂ ಮೀರಿದ ಅಗಲವನ್ನು ಕಾಣುತ್ತದೆ. ೧೭ ಮಿಲಿಮೀಟರಿನದು ಸುಮಾರು ಐದು ಅಡಿಯನ್ನು. ೨೦ರದು ನಾಲ್ಕೂಕಾಲು ಅಡಿಯನ್ನು. ೨೫ರದು ಮೂರೂವರೆ ಅಡಿಯನ್ನು. ೪೫ರದು ಎರಡು ಅಡಿಗೂ ಕಡಿಮೆ. ಅವರೆ ಹಿದುಕುವ ಅಜ್ಜಿಯನ್ನೇ ಮತ್ತೆ ನೆನೆದರೆ, ೧೪ರ ಲೆನ್ಸಿನಲ್ಲಿ ಅಜ್ಜಿಯೊಡನೆ ಗ್ಯಾಸಿನ ಸಿಲಿಂಡರೂ ಗೋಡೆಯ ಕ್ಯಾಲೆಂಡರೂ ನೀರಿನ ಫಿಲ್ಟರೂ ಚೌಕಟ್ಟಿಗೆ ಬರುತ್ತವೆ. ೨೦ರಲ್ಲಿ ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ ಹಿಡಿದರೆ ತಲೆಯಿಂದ ತಟ್ಟೆಯವರೆಗೆ ಕುಳಿತ ಮೂರ್ತಿ ಪೂರ್ಣವಾಗಿ ಬಂದು, ಬೆಳಕಿಂಡಿಯ ಅಂಚು ಮಾತ್ರ ಮೇಲೆ ಕಾಣುತ್ತದೆ. ೨೫ರಲ್ಲಿ ಅಡ್ಡ ಚೌಕಟ್ಟಿನೊಳಗೆ ಮುಖವೂ ಕೈಗಳೂ ತಟ್ಟೆಯೂ ಒತ್ತೊತ್ತಾಗಿ ಕೂಡುತ್ತವೆ. ೪೫ರಲ್ಲಿ ಮುಖವೊಂದೇ, ಇಲ್ಲವೆ ಬೆರಳುಗಳು ಮಾತ್ರ. ಇವುಗಳಲ್ಲಿ ಯಾವುದು ನಿಮ್ಮ ಚಿತ್ರವೋ ಅದರ ಲೆನ್ಸೇ ನಿಮ್ಮದು.

ಇಲ್ಲಿ ಒಂದು ಅಪಪ್ರಚಾರವನ್ನು ನಿವಾರಿಸುವುದು ಅವಶ್ಯ. ಅಗಲದೃಷ್ಟಿಯ ಲೆನ್ಸು ಮೂಗನ್ನು ದಪ್ಪಮಾಡಿ ಕಿವಿಗಳನ್ನು ಹಿಂದಕ್ಕೆ ಸರಿಸಿ ಮುಖವನ್ನು ಕೆಡಿಸುತ್ತದೆಂದು ಅನೇಕರು ನಂಬಿದ್ದಾರೆ. ಚೌಕಟ್ಟಿನ ಅಂಚಿಗೆ ಸಿಕ್ಕಿದ ಮುಖ ಅಗಲವಾಗಿ ಎಳೆದಂತಾಗುವುದುಂಟು. ಆದರೆ ನಡುವಿನಲ್ಲಿರುವ ಮುಖದ ರೂಪವನ್ನು ನಿರ್ಣಯಿಸುವುದು ಕೇವಲ ದೂರ. ಐದು ಅಡಿಯಿಂದ ೧೪ರಲ್ಲಿ ತೆಗೆದ ಮುಖವನ್ನು ಕತ್ತರಿಸಿ ದೊಡ್ಡದು ಮಾಡಿ, ಅದೇ ಐದು ಅಡಿಯಿಂದ ೪೫ರಲ್ಲಿ ತೆಗೆದ ಮುಖದ ಪಕ್ಕದಲ್ಲಿಟ್ಟರೆ, ಮೂಗಿಗೂ ಕಿವಿಗೂ ಇರುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣದು. ಅಗಲದೃಷ್ಟಿಯ ಲೆನ್ಸು ಮಾಡುವ ಅಪಕಾರವೆಂದರೆ, ಮುಖದಿಂದಲೇ ಚೌಕಟ್ಟನ್ನು ತುಂಬಿಸಬೇಕೆಂಬ ಆಸೆಯಿಂದ ನಮ್ಮನ್ನು ಒಂದೂವರೆ ಅಡಿಯ ಹತ್ತಿರಕ್ಕೆ ಎಳೆದುಕೊಂಡು ಹೋಗುವುದು. ನಮ್ಮ ಕಣ್ಣು ಇನ್ನೊಬ್ಬರ ಮುಖವನ್ನು ಅಷ್ಟು ಸಮೀಪದಿಂದ ನೋಡುವುದು ಮಡಿಲ ಕೂಸಿನ ವಿಷಯದಲ್ಲಿ ಮಾತ್ರ.

ಬೆಳಕಿನ ಲೆಕ್ಕ ಇನ್ನೊಂದು. ಲೆನ್ಸಿನ ಮೇಲೆ ಬರೆದ ಎಫ್ ಸಂಖ್ಯೆ ಸಂಗಮದೂರವನ್ನು ದ್ಯುತಿರಂಧ್ರದ ವ್ಯಾಸದಿಂದ ಭಾಗಿಸಿ ಬಂದುದಾದಕಾರಣ, ಸಂಖ್ಯೆ ಕಿರಿದಾದಷ್ಟೂ ರಂಧ್ರ ಹಿರಿದು. ಒಳಬರುವ ಬೆಳಕು ಆ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿರುತ್ತದೆ. ಕ್ಯಾಮೆರಾದೊಡನೆ ಬರುವ ೧೪–೪೨ರ ಜೂಮ್ ಲೆನ್ಸನ್ನು ೨೦ರಲ್ಲಿ ನಿಲ್ಲಿಸಿದಾಗ ಅದರ ಸಂಖ್ಯೆ ಸುಮಾರು ೪, ಪ್ರೈಮಿನದು ೧.೭. ಎಂದರೆ ಐದು ಪಟ್ಟಿಗೂ ಮಿಕ್ಕ ಬೆಳಕು. ಅಡುಗೆಮನೆಯಲ್ಲಿ ಜೂಮ್ ಲೆನ್ಸಿಗೆ ಸೆಕೆಂಡಿನ ೧೫ನೆಯ ಒಂದು ಪಾಲು ಕಾಲ ಷಟರ್ ತೆರೆದಿರಬೇಕಾದಲ್ಲಿ, ಪ್ರೈಮಿಗೆ ೮೦ನೆಯ ಒಂದು ಪಾಲು ಸಾಕು. ಮೊದಲನೆಯದರಲ್ಲಿ ಹಿದುಕುವ ಬೆರಳು ಹೊಗೆಯಂತೆ ಹರಡುತ್ತದೆ, ಎರಡನೆಯದರಲ್ಲಿ ಉಗುರಿನ ಸುತ್ತಣ ಸುಕ್ಕೂ ಕಾಣುತ್ತದೆ. ಈಗಿನ ಹಲವು ಕ್ಯಾಮೆರಾಗಳ ಒಡಲಲ್ಲಿ ಸೆನ್ಸರನ್ನೇ ಅಲುಗಿಸಿ ಕೈನಡುಕವನ್ನು ಸರಿದೂಗಿಸುವ ಏರ್ಪಾಡಿದೆ. ಅದು ನಮ್ಮ ಕೈಯನ್ನು ಸ್ಥಿರಪಡಿಸೀತೇ ಹೊರತು ಎದುರಿನವರ ಕೈಯನ್ನು ನಿಲ್ಲಿಸಲಾರದು.

ಹಿನ್ನೆಲೆ ಬೆಣ್ಣೆಯಂತೆ ಕರಗಬೇಕೆಂಬ ಆಸೆಯೊಂದರಿಂದಲೇ ಪ್ರೈಮ್ ಲೆನ್ಸನ್ನು ಹುಡುಕುವವರಿಗೆ ೨೦ರ ಲೆನ್ಸು ತೃಪ್ತಿ ಕೊಡಲಾರದು. ಐದು ಅಡಿಯ ದೂರದಲ್ಲಿ, ರಂಧ್ರವನ್ನು ಪೂರ್ತಿ ತೆರೆದರೂ, ಅದರಲ್ಲಿ ಸ್ಫುಟವಾಗಿ ಕಾಣುವ ಆಳ ಸುಮಾರು ಒಂದು ಅಡಿ. ೪೫ ಮಿಲಿಮೀಟರಿನ ಎಫ್ ೧.೮ರಲ್ಲಿ ಅದೇ ದೂರಕ್ಕೆ ಆ ಆಳ ಎರಡೂವರೆ ಅಂಗುಲಕ್ಕೆ ಇಳಿಯುತ್ತದೆ. ನನಗೇನೋ ಒಂದು ಅಡಿಯ ಆಳ ಬಹಳ ಮೆಚ್ಚುಗೆ: ಮೂಗಿನ ತುದಿಯಿಂದ ಕಿವಿಯ ಓಲೆಯವರೆಗೆ ಎಲ್ಲವೂ ನಿಚ್ಚಳವಾಗಿದ್ದು, ಹಿಂದಣ ಪಾತ್ರೆಯ ಗೂಡು ಮಸುಕಾದರೂ ಪಾತ್ರೆಯ ಗೂಡೆಂದು ಗುರುತಿಗೆ ಸಿಕ್ಕುತ್ತದೆ. ಮನುಷ್ಯರನ್ನು ಅವರ ಮನೆಯಿಂದ ಕಿತ್ತು ತೋರಿಸುವ ಚಿತ್ರ ಮೂವತ್ತು ವರ್ಷ ಕಳೆದ ಬಳಿಕ ನೋಡುವವರಿಗೆ ಅರ್ಧವನ್ನು ಮಾತ್ರ ಹೇಳುತ್ತದೆ.

ಆದರೂ ೨೦ರ ಲೆನ್ಸಿಗೆ ಒಂದು ದೊಡ್ಡ ಕುಂದಿದೆ. ಫೋಕಸ್ ಮಾಡುವಾಗ ಅದರ ಮಸೂರಗಳ ಸಮೂಹವೆಲ್ಲ ಒಟ್ಟಾಗಿ ಹಿಂದುಮುಂದಕ್ಕೆ ಸರಿಯಬೇಕಾದುದರಿಂದ, ಅದು ನಿಧಾನ. ಮೋಟಾರಿನ ಗುರುಗುಟ್ಟುವಿಕೆಯೂ ಕೇಳುತ್ತದೆ. ಮಬ್ಬುಗತ್ತಲಲ್ಲಿ ಗುರಿ ಸಿಕ್ಕದೆ ಅತ್ತಿತ್ತ ತಡಕಾಡುವುದುಂಟು. ಕುಳಿತ ಅಜ್ಜಿಗೆ ಇದು ಬಾಧಕವಲ್ಲ, ಅಂಗಳದಲ್ಲಿ ಓಡುವ ಮೊಮ್ಮಗಳಿಗೆ ಬಾಧಕ. ಅಂಥಲ್ಲಿ ಒಲಿಂಪಸ್ ೨೦೧೨ರಲ್ಲಿ ಹೊರತಂದ ೧೭ ಮಿಲಿಮೀಟರಿನ, ಎಫ್ ೧.೮ರ ಲೆನ್ಸು ಮೇಲು. ಅದರ ತೂಕ ೧೨೦ ಗ್ರಾಂ. ಉದ್ದ ಒಂದು ಸೆಂಟಿಮೀಟರು ಹೆಚ್ಚು. ಫೋಕಸ್ ಮಾತ್ರ ನಿಶ್ಶಬ್ದ, ಕ್ಷಿಪ್ರ. ಅದಕ್ಕೊಂದು ವಿಶೇಷ ಗುಣವೂ ಉಂಟು: ಬಳೆಯನ್ನು ಹಿಂದಕ್ಕೆಳೆದರೆ ಅದರ ಅಡಿಯಲ್ಲಿ ದೂರದ ಅಂಕಗಳು ಕಾಣಿಸಿಕೊಂಡು, ಸ್ವಯಂಚಾಲಿತ ಫೋಕಸ್ ನಿಂತುಹೋಗಿ, ದೂರವನ್ನು ನಾವೇ ಮೊದಲು ಗೊತ್ತುಮಾಡಿಡಬಹುದು. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಹಗಲು ಹೊತ್ತು ನಡೆಯುವಾಗ, ರಂಧ್ರವನ್ನು ಎಫ್ ೫.೬ಕ್ಕೆ ಕಿರಿದುಮಾಡಿ, ಬಳೆಯನ್ನು ಮೂರೂವರೆ ಮೀಟರಿನ ಸುಮಾರಿಗೆ ಇಟ್ಟರೆ, ಆರು ಅಡಿಯಿಂದ ಆಚೆಗೆ ಸಾಲಿನ ತುದಿಯವರೆಗೂ ಎಲ್ಲವೂ ಸ್ಫುಟವಾಗಿರುತ್ತದೆ. ಮಾರು ಹಾಕಿ ಮಲ್ಲಿಗೆಯನ್ನು ಅಳೆಯುವ ತೋಳು ಚಾಚಿದ ಕ್ಷಣಕ್ಕೆ ಬೆರಳನ್ನು ಒತ್ತುವುದೊಂದೇ ಉಳಿದ ಕೆಲಸ. ೧೪ ಮಿಲಿಮೀಟರಿನ ಪ್ಯಾನಸೋನಿಕ್ ಲೆನ್ಸು ೫೫ ಗ್ರಾಮಿನದು, ಎಲ್ಲಕ್ಕಿಂತ ಹಗುರ, ಫೋಕಸೂ ಚುರುಕು. ಆದರೆ ಎಫ್ ೨.೫ರದಾದ್ದರಿಂದ ೧.೭ಕ್ಕೆ ಹೋಲಿಸಿದರೆ ಬೆಳಕು ಅರ್ಧಕ್ಕಿಂತಲೂ ಕಡಿಮೆ. ಬೆಟ್ಟ ಗುಡಿ ಬೀದಿಗಳನ್ನು ಮೆಚ್ಚುವವರಿಗೆ ಅದು ತಕ್ಕುದು.

ಬೇರೆ ಪದ್ಧತಿಯ ಕ್ಯಾಮೆರಾ ಉಳ್ಳವರೂ ಈ ವಿಚಾರವನ್ನು ತಮಗೆ ಹೊಂದಿಸಿಕೊಳ್ಳಬಹುದು: ಸೆನ್ಸರು ಅಗಲವಾದಷ್ಟೂ ಅದೇ ನೋಟಕ್ಕೆ ಸಂಗಮದೂರವೂ ಹೆಚ್ಚಬೇಕು. ಫ್ಯೂಜಿಯವರ ೨೭ ಮಿಲಿಮೀಟರಿನ, ಎಫ್ ೨.೮ರ ಲೆನ್ಸು ಹೆಚ್ಚುಕಡಿಮೆ ೨೦ರಷ್ಟೇ ನೋಟವನ್ನು ಕೊಡುತ್ತದೆ; ೨೦೨೧ರ ಆವೃತ್ತಿಯಲ್ಲಿ ರಂಧ್ರದ ಬಳೆಯೂ ತುಂತುರು ತಡೆಯುವ ಕಾಪೂ ಸೇರಿವೆ, ತೂಕ ೮೪ ಗ್ರಾಂ. ಪೂರ್ಣ ಚೌಕಟ್ಟಿನ, ಎಂದರೆ ಫುಲ್ ಫ್ರೇಮಿನ, ನಿಕಾನಿಗೆ ೪೦ ಮಿಲಿಮೀಟರಿನ ಎಫ್ ೨ರದೂ, ಕ್ಯಾನನಿಗೆ ೨೮ ಮಿಲಿಮೀಟರಿನ ಎಫ್ ೨.೮ರದೂ ಇವೆ.

ಹಣ ಕೊಡುವ ಮೊದಲು ಮನೆಯಲ್ಲಿಯೇ ಮಾಡತಕ್ಕ ಪರೀಕ್ಷೆಯೊಂದಿದೆ. ಕ್ಯಾಮೆರಾ ಪ್ರತಿಯೊಂದು ಚಿತ್ರದೊಡನೆ ಅದನ್ನು ತೆಗೆದ ಸಂಗಮದೂರವನ್ನೂ ಬರೆದಿಟ್ಟಿರುತ್ತದೆ. ಕಳೆದ ವರ್ಷದ ಚಿತ್ರಗಳಲ್ಲಿ ನಿಮ್ಮ ಮನಸ್ಸಿಗೆ ಹಿಡಿಸಿದವನ್ನು ಮಾತ್ರ ಆರಿಸಿ, ಆ ಅಂಕಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಜೂಮಿನ ಎರಡು ತುದಿಗಳು ಎಲ್ಲರಲ್ಲಿಯೂ ಹೆಚ್ಚಾಗಿಯೇ ಇರುತ್ತವೆ, ಅವನ್ನು ಅಷ್ಟಾಗಿ ಗಣಿಸಬೇಡಿ. ನಡುವೆ ಯಾವ ಅಂಕದ ಬಳಿ ಗುಂಪು ಸೇರಿದೆಯೆಂಬುದನ್ನು ನೋಡಿ. ಆಮೇಲೆ ಜೂಮಿನ ಬಳೆಯನ್ನು ಆ ಅಂಕದಲ್ಲಿಟ್ಟು, ಕಾಗದದ ಅಂಟುಪಟ್ಟಿಯಿಂದ ಕದಲದಂತೆ ಬಿಗಿದು, ಒಂದು ವಾರ ಹಾಗೆಯೇ ಬಳಸಿ. ಮೊದಲ ದಿನ ಕೈಕಟ್ಟಿದಂತಾಗುತ್ತದೆ. ವಾರ ಕಳೆಯುವುದರೊಳಗಾಗಿ ಕಾಲು ತಾನಾಗಿ ಸರಿಯಾದ ದೂರಕ್ಕೆ ಹೋಗಿ ನಿಲ್ಲತೊಡಗಿದರೆ, ಅಂಗಡಿಗೆ ಹೊರಡಬಹುದು.

ಇಂಥ ಲೆನ್ಸುಗಳು ಬಳಸಿದ ಸ್ಥಿತಿಯಲ್ಲಿಯೂ ಮಾರಾಟಕ್ಕೆ ಸಿಕ್ಕುತ್ತವೆ. ಕಡಿಮೆ ಹಣದವರು ಹಾಗೆ ಕೊಳ್ಳುವುದರಲ್ಲಿ ದೋಷವಿಲ್ಲ, ಆದರೆ ನೋಡಿ ಕೊಳ್ಳಬೇಕು. ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ಮುಂದಿನ ಹಿಂದಿನ ಮುಚ್ಚಳಗಳನ್ನು ತೆಗೆದು, ಒಂದು ಕಡೆಯಿಂದ ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ, ಇನ್ನೊಂದು ಕಡೆಯಿಂದ ನೋಡಿದರೆ, ಬೂಷ್ಟು ಹಿಡಿದ ಗಾಜಿನ ಅಂಚಿನಿಂದ ಒಳಕ್ಕೆ ಕವಲೊಡೆದ ಸಣ್ಣ ಎಳೆಗಳು ಕಾಣುತ್ತವೆ. ಅದು ಮಸೂರದ ಮೇಲಣ ಲೇಪವನ್ನು ತಿನ್ನುವುದರಿಂದ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಅಂಥದನ್ನು ಬಿಡುವುದು ಲೇಸು. ಒಂದೆರಡು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಅನಂತರ ನಿಮ್ಮ ಕ್ಯಾಮೆರಾಕ್ಕೇ ಜೋಡಿಸಿ, ಮಾರುವವರ ಮುಖಕ್ಕೊಮ್ಮೆ, ಬೀದಿಯಾಚೆಯ ಫಲಕಕ್ಕೊಮ್ಮೆ ಫೋಕಸ್ ಮಾಡಿ, ಮೋಟಾರು ತೊದಲದೆ ಓಡುತ್ತದೆಯೆ ಎಂಬುದನ್ನು ಕಿವಿಗೊಟ್ಟು ಕೇಳಿ.

ಕೊಂಡು ತಂದ ಲೆನ್ಸನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನ ಬಟ್ಟೆಗಳ ನಡುವೆ ಇಡಕೂಡದು. ಚರ್ಮವೂ ಬಟ್ಟೆಯೂ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ಆ ಹರಳುಗಳ ಬಣ್ಣ ಮಾರ್ಪಟ್ಟಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬೆಚ್ಚಗೆ ಮಾಡಿ ಮತ್ತೆ ಹಾಕಬೇಕು. ಶೃಂಗೇರಿ, ಆಗುಂಬೆ, ಕುಂದಾಪುರ, ಕಾರವಾರಗಳ ಕಡೆಯವರು ಆಷಾಢ ಶ್ರಾವಣಗಳಲ್ಲಿ ಲೆನ್ಸನ್ನು ವಾರಕ್ಕೊಮ್ಮೆ ಹೊರತೆಗೆದು, ಕಿಟಕಿಯ ಬಳಿ ಅರ್ಧ ಗಂಟೆ ಬೆಳಕು ಗಾಳಿಗಳಿಗೆ ಒಡ್ಡಿ, ಆ ಹೊತ್ತಿನಲ್ಲಿ ಮನೆಯವರ ನಾಲ್ಕು ಚಿತ್ರಗಳನ್ನು ತೆಗೆದು ಒಳಗಿಡುವುದು ಒಳ್ಳೆಯದು.